ಆದೋನಿ, ಮಧ್ಯಾಹ್ನ ಎರಡು

ಬೆಳಿಗ್ಗೆ ತಂಪು, ಮಧ್ಯಾಹ್ನ ಬರೀ ಗಾಳಿ,
ಮೂರು ಸಲ ಗ್ಯಾಸ್ ಹಾಕಿಸಿದೆ ಹುಸೇನಪ್ಪ,
ಅಂತಾರೆ ದಲ್ಲಾಳಿ ವಿರುಪಣ್ಣ,
ಅಂಗಿಯ ಬೆನ್ನಿಗೆ ಬೆವರಿನ ನಕಾಶೆ.

ಕೆಂಪು ಗೇಜಿನ ಮುಳ್ಳು ಏರುತ್ತಲೇ ಇದೆ.
ಗ್ಯಾಸು ಕಡಿಮೆಯಲ್ಲ ಸಾವ್ಕಾರ್ರೆ, ಹೆಚ್ಚೇ ಐತಿ.
ಕ್ಲಚ್ಚು ಟಕ್ ಅಂತ ಕೂಡಿ
ಟಕ್ ಅಂತ ಬಿಡುತ್ತದೆ,
ಒಲ್ಲದ ಬೀಗರ ಹಾಗೆ.

ಮುಂದಿನ ಜಾಲರಿ ಬಿಚ್ಚಿದರೆ
ಕಂಡೆನ್ಸರಿನ ಮೈಗೆ ಹತ್ತಿಯ ಹಾಸಿಗೆ:
ಮಾರ್ಕೆಟ್ ಯಾರ್ಡಿನ ನಾಲ್ಕು ಸುಗ್ಗಿಯ ಅರಳೆ
ಎಣ್ಣೆ ಹೀರಿ ಕಪ್ಪಾಗಿ ಕೂತಿದೆ.

ಹಳೇ ಟೂತ್‌ಬ್ರಷ್ಷು. ಸಣ್ಣಗೆ ನೀರು, ಒಳಗಿಂದ ಹೊರಗೆ.
ರೆಕ್ಕೆ ಬಾಗಬಾರದು.

ಹನ್ನೆರಡು ವರ್ಷ ಜಿನ್ನಿನಲ್ಲಿ ದುಡಿದ ಅವ್ವ
ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತ
ಬುಟ್ಟಿಗೆ ಬಿದ್ದದ್ದನ್ನು ಹಿಂಜಿ ನೋಡಿದಳು:
"ಎರಡನೇ ನಂಬರಿನ ಮಾಲು."

ವಿರುಪಣ್ಣ ಗಾಜು ಏರಿಸಿದರು.