ಉಳಿದ ಆರು ಮಾತ್ರೆ

ಸೌಟನ್ನು ನೀರಿಗೆ ಓರೆಯಾಗಿ, ಮೆಲ್ಲನೆ ಇಳಿಸಬೇಕು.
ನೆರಳು ಬಿದ್ದರೆ ಮರಿಗಳು ತಳ ಸೇರುತ್ತವೆ,
ಸಾಲ ಕೊಟ್ಟವನ ಕಂಡವರ ಹಾಗೆ.
ತಲೆಕೆಳಗಾಗಿ ತೂಗುವುದು ಬೇರೆ ಜಾತಿ;
ನೀರಿನ ಮೈಗೆ ಮೈ ಹಚ್ಚಿ ಅಡ್ಡ ಮಲಗಿರುವುದು ನಮ್ಮದು.
ನಮ್ಮದು ಅಂತಲೇ ಬರುತ್ತದೆ ಬಾಯಿಗೆ.
ಹನ್ನೊಂದು ವರ್ಷ ಆಯಿತಲ್ಲ.

ಬೋಳಾರ, ಜೆಪ್ಪು, ಕುದ್ರೋಳಿ, ಬಂದರು:
ಈ ಊರಿನವರ ಮುಖ ನನಗೆ ನೆನಪಿರುವುದಿಲ್ಲ,
ತಾರಸಿ ನೆನಪಿರುತ್ತದೆ.
ಯಾರ ಟ್ಯಾಂಕಿಗೆ ಮುಚ್ಚಳವಿಲ್ಲ,
ಯಾರ ಬಾವಿಯ ಗಪ್ಪಿ ಮೀನು ಮರಿ ಹಾಕಿದೆ.
ಸೆವ್ರಿನ್ ಬಾಯಿ ಗೇಟಿನಲ್ಲೇ ನಿಲ್ಲಿಸಿದರು:
"ನೀರಿಲ್ಲ, ಸೊಳ್ಳೆಯಿಲ್ಲ, ನಾಯಿ ಉಂಟು."
ಮೂರೂ ಸುಳ್ಳು. ನಾಯಿ ಹೋದ ಮಳೆಗಾಲ ಸತ್ತಿತ್ತು.
ಅದು ನೀರು ಕುಡಿಯುತ್ತಿದ್ದ ಬಟ್ಟಲು ಮಾತ್ರ
ಮೆಟ್ಟಿಲ ಬದಿಗೆ, ಇದ್ದಲ್ಲೇ ಇತ್ತು,
ತುಂಬ ಮರಿ.
ಚೆಲ್ಲಿ ಎನ್ನಲಾಗಲಿಲ್ಲ. ನಾನೇ ಚೆಲ್ಲಿದೆ.
ಬಟ್ಟಲನ್ನು ಕವುಚಿ, ಅದೇ ಜಾಗದಲ್ಲಿಟ್ಟೆ.

ಆಟಿ ತಿಂಗಳಲ್ಲಿ ಬಿಜೈಯ ಹಸಿರು ಬಲೆ ಕಟ್ಟಿದ ಕಟ್ಟಡ,
ಏಳನೇ ಮಾಳಿಗೆ, ಕೈಹಿಡಿಯಿಲ್ಲದ ಮೆಟ್ಟಿಲು.
ಯಂಕಪ್ಪ, ಹತ್ತೊಂಬತ್ತು, ಕುಷ್ಟಗಿ ಕಡೆಯವನು,
ಗೋಣಿಚೀಲ ಹೊದ್ದು ಗಡಗಡ ನಡುಗುತ್ತಿದ್ದ.
ಬೆರಳು ಚುಚ್ಚಿ, ಗಾಜಿಗೆ ಒಂದು ಹನಿ.
ಸಂಜೆಯೊಳಗೆ ಅವನಿಗೊಂದು ನಂಬರು ಬಂತು,
ಹದಿನಾಲ್ಕು ದಿನದ ಮಾತ್ರೆ ಬಂತು.
ದಿನಾ ಎಂಟಕ್ಕೆ ಹತ್ತುತ್ತಿದ್ದೆ: "ಉಂಡೆಯಾ?"
"ಉಂಡೀನ್ರಿ." "ನುಂಗು. ಬಾಯಿ ತೆರೆ."
ನಾಲಗೆ ಚಾಚಿ ತೋರಿಸುತ್ತಿದ್ದ, ದೃಷ್ಟಿಬೊಂಬೆಯ ಹಾಗೆ.
"ಜ್ವರಾ ಹೋತಲ್ರಿ ಮೇಡಂ, ಮತ್ಯಾಕ?"
ಹೋಗಿಲ್ಲ ಮಾರಾಯ, ಲಿವರಿನ ಮೂಲೆಯಲ್ಲಿ
ಬಾಡಿಗೆ ಕೊಡದೆ ಮಲಗಿದೆ.

ಒಂಬತ್ತನೇ ದಿನ ಮಾಳಿಗೆಯಲ್ಲಿ ಯಾರೂ ಇಲ್ಲ.
ಮೇಸ್ತ್ರಿ ಗ್ಯಾಂಗನ್ನೇ ಬೇರೆಡೆಗೆ ಸಾಗಿಸಿದ್ದ.
ಎಲ್ಲಿಗೆ? ಆ ಕಡೆಗೆ.
ಫೋನು ಸ್ವಿಚ್ ಆಫ್.
ರಿಜಿಸ್ಟರಿನಲ್ಲಿ ಬರೆದೆ: ಅಪೂರ್ಣ.
ತಿಂಗಳ ಮೀಟಿಂಗಿನಲ್ಲಿ ಪರದೆಯ ಮೇಲೆ ಎರಡು ಕಂಬ,
ಹೋದ ವರ್ಷದ್ದು ಎತ್ತರ, ಈ ವರ್ಷದ್ದು ಗಿಡ್ಡ.
ಚಪ್ಪಾಳೆ, ಚಾ, ಗೋಳಿಬಜೆ.
ನನ್ನ ಅಪೂರ್ಣ ಯಾವ ಕಂಬದಲ್ಲಿದೆ ಎಂದು ಕೇಳಬೇಕೆಂದಿದ್ದೆ,
ಬಾಯಿ ತುಂಬ ಬಜೆ ಇತ್ತು.

ಅಮಾವಾಸ್ಯೆಯ ದಿನ, ಬೆಳಕು ಹರಿಯುವ ಮೊದಲು,
ಅತ್ತೆ ಕಲ್ಲಿನಲ್ಲಿ ಜಜ್ಜಿ ಹಾಲೆಯ ಕೆತ್ತೆ ತಂದರು.
ಕಹಿ ಅಂದರೆ ಕಹಿ. ಆದರೂ ಮನೆಯೆಲ್ಲ
ಸಾಲಾಗಿ ನಿಂತು ಗಟಗಟ ಕುಡಿಯಿತು,
ಮೂರು ವರ್ಷದ್ದೂ ಕಣ್ಣು ಮುಚ್ಚಿ ಕುಡಿಯಿತು.
ಯಾರೂ ಯಾರಿಗೂ ಬಾಯಿ ತೆರೆ ಅನ್ನಲಿಲ್ಲ.
ನಮ್ಮ ಬಿಳಿ ಮಾತ್ರೆಗೆ ಅಂಥ ಅತ್ತೆ ಇಲ್ಲ.

ಆ ಆರು ಮಾತ್ರೆ ಬ್ಯಾಗಿನಲ್ಲೇ ಉಳಿದವು,
ಬಸ್ಸಿನ ಚಿಲ್ಲರೆಯ ಜೊತೆ, ಸೌಟಿನ ಜೊತೆ.

ಸೋಣ ಕಳೆಯುತ್ತಿರುವಾಗ, ರಾತ್ರಿ ಹತ್ತಕ್ಕೆ, ಗುರುತಿಲ್ಲದ ನಂಬರು.
"ಮೇಡಂ, ಮತ್ತ ಥಂಡಿ ಹತ್ತೇತ್ರಿ. ಆ ಗುಳಿಗಿ ಇನ್ನ ಅದಾವೇನ್ರಿ?"
"ಎಲ್ಲಿದ್ದೀ?"
"ಒಂದ್ ಕಡಿ ಸಮುದ್ರ ಐತ್ರಿ, ಒಂದ್ ಕಡಿ ಹೈವೇ."
ತಲಪಾಡಿಯಿಂದ ಶಿರೂರಿನ ತನಕ
ಯಾವ ಊರಿಗೆ ಇಲ್ಲ ಅದು?
"ಅಂಗಡಿಯ ಬೋರ್ಡು ಓದು."
ಹಲ್ಲು ಕಟಕಟ ಬಡಿಯುವ ಸದ್ದಿನ ನಡುವೆ
ಒಂದೊಂದೇ ಅಕ್ಷರ ಬಂತು: ಪ... ಡು... ಬಿ...

ಪಡುಬಿದ್ರಿ ನನ್ನ ವಾರ್ಡಲ್ಲ, ನನ್ನ ಜಿಲ್ಲೆಯೂ ಅಲ್ಲ.
ಆರು ಮಾತ್ರೆ ಇನ್ನು ಲೆಕ್ಕಕ್ಕಿಲ್ಲ,
ಮತ್ತೆ ಹನಿ, ಮತ್ತೆ ಗಾಜು, ಮತ್ತೆ ಒಂದರಿಂದ.
ಅಲ್ಲಿಯ ಆಸ್ಪತ್ರೆಯ ನರ್ಸಿನ ನಂಬರು ಹುಡುಕುತ್ತಾ
ಮೊದಲ ಬಸ್ಸು ಎಷ್ಟಕ್ಕೆ ಎಂದು ಗಂಡನನ್ನು ಕೇಳಿದೆ.
"ನಾಳೆ ಆದಿತ್ಯವಾರ," ಅಂದರು.
ಗೊತ್ತುಂಟು.

ಫೋನಿನಲ್ಲಿ ಅವನಿನ್ನೂ ಇದ್ದ.
"ಬೆಳಿಗ್ಗೆ ಎಲ್ಲಿಗೂ ಹೋಗಬೇಡ," ಅಂದೆ,
"ಉಂಡು ಕೂತಿರು."