ಹಲ್ಲಿ ಬಿದ್ದ ಫಲ

ಡಾರ್ವಿನ್ನಿನಲ್ಲಿ ನವೆಂಬರ್ ಎಂದರೆ
ಮೋಡ ದಿನಾ ಬಂದು ಹೊಸ್ತಿಲಲ್ಲಿ ಕೂತು
ಒಳಗೆ ಬಾರದೆ ಎದ್ದು ಹೋಗುವ ತಿಂಗಳು.
ಒಗೆದ ಅಂಗಿ ಒಣಗುವುದಿಲ್ಲ.
ತೊಟ್ಟ ಅಂಗಿಯೂ ಒಣಗುವುದಿಲ್ಲ.
ಇವತ್ತಿನ ನಾಲ್ಕನೇ ಮನೆ, ನೈಟ್‌ಕ್ಲಿಫ್.
ಎವ್ಡೋಕಿಯಾ ಮುದುಕಿ ಗೇಟಿನಲ್ಲೇ ನಿಂತಿದ್ದಾಳೆ,
ಕೈಯಲ್ಲಿ ರಿಮೋಟು, ಜಪಸರದ ಹಾಗೆ:
"ಮೂರು ರಾತ್ರಿಯಿಂದ ಒತ್ತುತ್ತಿದ್ದೇನೆ.
ಕಣ್ಣು ಮಿಟುಕಿಸುತ್ತದೆ, ಉಸಿರು ಬಿಡುವುದಿಲ್ಲ."

ಮೊದಲು ಸುಲಭದ್ದನ್ನೆಲ್ಲ ನೋಡಬೇಕು.
ಫಿಲ್ಟರ್ ಎಳೆದೆ: ಬೆಕ್ಕಿನ ಕೂದಲು,
ವರ್ಷಗಟ್ಟಲೆ ನಾದಿದ ರೊಟ್ಟಿಯ ಹಿಟ್ಟು.
ನೀರಿನ ಪೈಪಿಗೆ ಊದಿದೆ: ಕಣಜ ಕಟ್ಟಿದ ಮಣ್ಣಿನ ಗೂಡು,
ಹಿಂದೆಯೇ ಲೋಳೆ, ನನ್ನ ಬೂಟಿನ ಮೇಲೆ ಅರ್ಧ ಬಕೆಟ್ ನೀರು.
ಇದಲ್ಲ, ಅಂದೆ.
ಇದೂ ಇತ್ತು, ಆದರೆ ಇದಲ್ಲ.

ಹೊರಗಿನ ಪೆಟ್ಟಿಗೆ ಮಾವಿನ ಮರದ ಕೆಳಗೆ.
ಸ್ವಿಚ್ ಆರಿಸಿ ಐದು ನಿಮಿಷ ಸುಮ್ಮನೆ ಕೂತೆ.
ಆರಿಸಿದ ಮೇಲೂ ಕೆಪಾಸಿಟರ್ ಸಿಟ್ಟು ಹಿಡಿದಿಟ್ಟುಕೊಳ್ಳುತ್ತದೆ,
ನಮ್ಮ ಸಿಂಧನೂರಿನ ದೊಡ್ಡಮ್ಮನ ಹಾಗೆ;
ಈಗ ತಣ್ಣಗಾಗಿರಬೇಕು ಅಂತ
ಹತ್ತಿರ ಹೋದವರಿಗೇ ಏಟು.

ಎಂಟು ತಿರುಪು. ಏಳನೆಯದರ ತಲೆ ತುಕ್ಕಿಗೆ ಸವೆದಿತ್ತು,
ಅದೊಂದಕ್ಕೇ ಅರ್ಧ ಗಂಟೆ, ಎರಡು ಭಾಷೆಯ ಬೈಗುಳ.
ಮುಚ್ಚಳ ಎತ್ತಿದರೆ
ಹಸಿರು ಬೋರ್ಡಿನ ಮೇಲೆ
ಹಲ್ಲಿ.
ಬಾಲ ಒಂದು ತುದಿಗೆ, ಮುಂಗಾಲು ಇನ್ನೊಂದಕ್ಕೆ,
ಸೇತುವೆಯಾದದ್ದೇ ಹೊರತು ದಾಟಿದ್ದಿಲ್ಲ.
ಕರಿದಿಟ್ಟು ಮರೆತ ಬಾಳಕದ ಮೆಣಸಿನಕಾಯಿಯಷ್ಟು ಗರಿಗರಿ.

ಊರೆಲ್ಲ ತಂಪಿಗೆ ಬಾಯಿ ಬಿಡುವಾಗ
ಇದೊಂದು ಜೀವ ಬೆಚ್ಚಗಿನ ಮೂಲೆ ಹುಡುಕಿ ಬಂದಿತ್ತು.

ಅಡುಗೆಮನೆಯ ಮೊಳೆಗೆ ನೇತಾಡುತ್ತಿದ್ದ ಪಂಚಾಂಗ ನೆನಪಾಯಿತು, ಅದರ ಕೊನೆಪುಟ:
ನೆತ್ತಿಗೆ ಬಿದ್ದರೆ ಕಲಹ, ಹೆಗಲಿಗೆ ಜಯ,
ಪಾದಕ್ಕೆ ಬಿದ್ದರೆ ಪ್ರಯಾಣ.
ಇನ್ನೂರ ನಲವತ್ತು ವೋಲ್ಟಿಗೆ ಬಿದ್ದರೆ ಏನೆಂದು
ಯಾವ ಜೋಯಿಸರೂ ಬರೆದಿಲ್ಲ.
ನಾನು ಬರೆಯಬಲ್ಲೆ: ಧನಹಾನಿ.
ಹೊಸ ಬೋರ್ಡಿಗೆ ಒಂಬೈನೂರು ಡಾಲರ್,
ಅಡಿಲೇಡಿನಿಂದ ಬರಲು ಹನ್ನೊಂದು ದಿನ.

ಮುದುಕಿ ಬೆರಳು ಮಡಿಸಿ ಎಣಿಸಿದಳು.
ಹತ್ತಕ್ಕೆ ಬೆರಳು ಮುಗಿದವು.
ಹನ್ನೊಂದಕ್ಕೆ ನನ್ನ ಮುಖ ನೋಡಿದಳು.

ಸತ್ತದ್ದನ್ನು ಸ್ಕ್ರೂಡ್ರೈವರ್ ತುದಿಯಿಂದ ಎತ್ತಿ
ಮಾವಿನ ಬುಡಕ್ಕೆ ಹಾಕಿ ಎಲೆ ಮುಚ್ಚಿದೆ.
ಅಮ್ಮ ಕಂಚಿಗೆ ಹೋಗಿ ಬಂಗಾರದ ಹಲ್ಲಿ ಮುಟ್ಟಿ ಬಂದವಳು;
ಆ ಪುಣ್ಯದ ವೈರು ಇಷ್ಟು ದೂರ ಎಳೆದಿದೆಯೋ ಇಲ್ಲವೋ.
ಹಳೇ ಟೂತ್‌ಬ್ರಷ್ಷಿಗೆ ಸ್ಪಿರಿಟ್ ಅದ್ದಿ ಮಸಿ ಉಜ್ಜಿದೆ,
ಸುಟ್ಟ ಗೆರೆಯ ಮೇಲೆ ತಾಮ್ರದ ಎಳೆಯಿಟ್ಟು ಬೆಸೆದೆ,
ಬೆವರು ತೊಟ್ಟಿಕ್ಕದಂತೆ ಹಣೆಗೆ ಟವೆಲ್ ಬಿಗಿದು.
ಸಂದುಗಳಿಗೆ ಜಾಳಿಗೆ ತುರುಕಿದೆ.
ಫ್ಯಾನು ಯೋಚಿಸಿತು. ಒಮ್ಮೆ ಕೆಮ್ಮಿತು.
ತಿರುಗಿತು.

"ಗ್ಯಾರಂಟಿ?"
"ಇಲ್ಲ. ಮಳೆ ಬರುವವರೆಗೆ ಎಳೆಯಬಹುದು, ಅಷ್ಟೆ."

ಲೊಚ್ ಲೊಚ್ ಲೊಚ್,
ಗೋಡೆ ಗಡಿಯಾರದ ಹಿಂದಿನಿಂದ.
ನನ್ನ ಬೆರಳು ನನ್ನನ್ನು ಕೇಳದೆ
ಬಾಗಿಲ ಚೌಕಟ್ಟು ಕುಟ್ಟಿತು, ಕೃಷ್ಣ ಕೃಷ್ಣ.
ಸತ್ತದ್ದು ಇದರ ಅಕ್ಕನೋ ತಂಗಿಯೋ,
ಯಾರ ಪರವಾಗಿ ನುಡಿಯಿತೋ.
ವಿವರಿಸಲು ಬಾಯಿ ತೆರೆದೆ; ಅಷ್ಟರಲ್ಲಿ ಎವ್ಡೋಕಿಯಾ
ತಾನೂ ಆ ಮರವನ್ನೇ ಮೂರು ಸಲ ತಟ್ಟಿದಳು,
ಅವಳ ದ್ವೀಪದ ಯಾವುದೋ ಕಾರಣಕ್ಕೆ.

ನನ್ನ ವ್ಯಾನಿನ ಎಸಿ ಕೆಟ್ಟು ತಿಂಗಳಾಯಿತು.
ಕಿಟಕಿ ಇಳಿಸಿ, ಅವಳು ಕೊಟ್ಟ ಎಳ್ಳಿನ ಬಳೆರೊಟ್ಟಿ ಕಚ್ಚಿ
ಗೇರ್ ಹಾಕುವಾಗ ಕರಾಮಾದಿಂದ ಫೋನು:
ಬೇಗ ಬನ್ನಿ,
ಆಕಾಶ ಇನ್ನೂ ಒಂದು ಹನಿ ಕೊಟ್ಟಿಲ್ಲ,
ನಮ್ಮ ಹಾಸಿಗೆಯ ಮೇಲೆ ಮಳೆ.