ಕಾಲು ತೊಳೆದು ಒಳಗೆ ಬಾ

ಶಿಡ್ಲಘಟ್ಟದಲ್ಲಿ ಹುಳು ಎಂದರೆ ಅನ್ನ.
ಅದಕ್ಕೇ ಗಂಗುಲಪ್ಪ
ಕಂಪ್ಯೂಟರಿನ ಡಬ್ಬಿಯನ್ನು ಗೂಡಿನ ಚೀಲದಲ್ಲಿ ಸುತ್ತಿ
ಮೊಪೆಡ್ಡಿನ ಹಿಂದೆ ಕಟ್ಟಿ ತಂದು
"ಇದಕ್ಕೆ ಹುಳ ಬಿದ್ದೈತಂತೆ" ಅನ್ನುವಾಗ
ಸ್ವಲ್ಪ ನಾಚಿಕೊಂಡ,
ಮನೆದೇವರನ್ನು ಬೈದವನ ಹಾಗೆ.

ಚಾಕಿ ಮನೆಯ ಲೆಕ್ಕವೆಲ್ಲ ಅದರಲ್ಲೇ:
ಯಾರಿಗೆ ಎಷ್ಟು ಮೊಟ್ಟೆಯ ಮರಿ,
ಎರಡನೇ ಜ್ವರ ಎದ್ದದ್ದು ಯಾವತ್ತು,
ಯಾರ ಬಾಕಿ, ಯಾರ ಸುಳ್ಳು.

ಮುಚ್ಚಳ ಬಿಚ್ಚಿದೆ.
ಫ್ಯಾನಿನ ರೆಕ್ಕೆಗೆ ರೇಷ್ಮೆಯ ಎಳೆ,
ಒಣಗಿದ ಸೊಪ್ಪಿನ ಪುಡಿ, ಒಂದು ಹಲ್ಲಿಮೊಟ್ಟೆ.
ಬ್ರಷ್ಷಿನಲ್ಲಿ ಗುಡಿಸಿದೆ.
ಅದು ರೋಗವಲ್ಲ, ಬರೀ ಸಂಸಾರ.

ರೋಗ ಪರದೆಯ ಮೇಲಿತ್ತು.
ಪ್ರತಿ ಫೋಲ್ಡರಿನ ಮೂಲೆಗೂ ಒಂದು ಬಾಗಿದ ಬಾಣ,
ಒತ್ತಿದರೆ ಕಪ್ಪು ಕಿಟಕಿಯೊಂದು ಕಣ್ಣು ಮಿಟುಕಿಸಿ ಮಾಯ.
"ಹೋಯ್ತಾ?" ಎಂದ.
ಡಿಸ್ಕಿನ ತೂಕ ನೋಡಿದೆ, ಇಳಿದಿರಲಿಲ್ಲ.
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಜೀವ ಕೇಳಿಸಿಕೊಳ್ಳುವುದು ಅವನಿಗೆ ಗೊತ್ತು;
ನನಗೆ ಇದು ಗೊತ್ತು.
"ಇದೆ. ಬಚ್ಚಿಟ್ಟಿದೆ, ಅಷ್ಟೇ."

ನೆಟ್ಟಿನ ತಂತಿ ಕಿತ್ತು
ಸೇಫ್ ಮೋಡಿನಲ್ಲಿ ಎಬ್ಬಿಸಿದೆ,
ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕದ ಹಾಗೆ
ಏನನ್ನೂ ಉಣ್ಣಿಸದೆ.
ಹಾಲುತೊಂಡೆ ಬಂದದ್ದನ್ನು ಕಡ್ಡಿಯಲ್ಲೆತ್ತಿ
ಸುಣ್ಣದ ಬೋಗುಣಿಗೆ ಹಾಕುವುದನ್ನು
ಅವನ ಮನೆಯಲ್ಲೇ ನೋಡಿದ್ದೆ. ಹಾಗೇ ಹೆಕ್ಕಿದೆ:
ಸ್ಟಾರ್ಟಪ್ಪಿನಲ್ಲಿ ಎರಡು,
ಟೆಂಪಿನಲ್ಲಿ ನಲವತ್ತೊಂದು,
ನೋಟ್‌ಪ್ಯಾಡಿನ ವೇಷ ಹಾಕಿದ್ದು ಇನ್ನೊಂದು.
ರಾತ್ರಿ ಒಂಬತ್ತಕ್ಕೆ
ಮೇಲೂರು, ಜಂಗಮಕೋಟೆ, ದಿಬ್ಬೂರಹಳ್ಳಿಯ ಬಾಕಿದಾರರು
ಒಬ್ಬೊಬ್ಬರಾಗಿ ಬೆಳಕಿಗೆ ಬಂದರು.
ಗಂಗುಲಪ್ಪ ನಕ್ಕ. ಅವರು ನಗಲಿಕ್ಕಿಲ್ಲ.

ತಾರೀಖು ನೋಡಿದ್ದು ಆಮೇಲೆ.
ಮೊದಲ ಹುಳು ಇಳಿದದ್ದು
ಹೋದ ತಿಂಗಳು ಹದಿನೇಳು, ಮಧ್ಯಾಹ್ನ ಮೂರೂ ಹತ್ತು.
ಆ ಹೊತ್ತು ಅವನ ಚಾಕಿ ಮನೆಯಲ್ಲಿ
ಪ್ರಿಂಟರಿಗೆ ಡ್ರೈವರ್ ಹಾಕುತ್ತಿದ್ದವಳು ನಾನೇ,
ಕೊರಳ ದಾರದಲ್ಲಿ ಇದೇ ಹಸಿರು ಪೆನ್‌ಡ್ರೈವ್.
ಅದಕ್ಕೂ ಮುಂಚೆ ಜೆರಾಕ್ಸ್ ಅಂಗಡಿ.
ಅದರ ನಂತರ ಎಷ್ಟು ಬಾಗಿಲು?

ಹೇಳದಿದ್ದರೆ ಗೊತ್ತಾಗುತ್ತಿರಲಿಲ್ಲ.
ನೂರರ ಐದು ನೋಟು ಆಗಲೇ ಮೇಜಿನ ಮೇಲಿದ್ದವು.
ಹೇಳಿದೆ.

ಅವನು ಬಹಳ ಹೊತ್ತು
ಹಲ್ಲಿಮೊಟ್ಟೆಯನ್ನೇ ನೋಡುತ್ತಿದ್ದ.
ಆಮೇಲೆ ನಾಲ್ಕು ನೋಟು ಜೇಬಿಗಿಳಿಸಿ
ಒಂದನ್ನು ನನ್ನ ಕಡೆಗೆ ತಳ್ಳಿದ:
"ಇದು ಧೂಳು ಹೊಡೆದಿದ್ದಕ್ಕೆ.
ನನ್ನ ಹುಳದ ಮನೇಗೆ, ನಸ್ರೀನಮ್ಮ,
ಬೀಗರು ಬಂದರೂ ಬಾಗಿಲಲ್ಲಿ
ಸುಣ್ಣದ ನೀರಲ್ಲಿ ಕಾಲಿಟ್ಟೇ ಒಳಗೆ ಬರಬೇಕು.
ನೀನು ಡಾಕ್ಟರು ಅಂತ ಬಿಟ್ಟೆ."

ಮೊಪೆಡ್ಡಿನ ಸದ್ದು ಕೋಟೆ ಬೀದಿ ದಾಟಿತು.
ಪೆನ್‌ಡ್ರೈವನ್ನು ಒರೆಸಿ ಖಾಲಿ ಮಾಡಲು ಹಾಕಿ
ಕೆಲಸದ ಪುಸ್ತಕ ತೆಗೆದೆ.
ಹದಿನೇಳರಿಂದ ಇವತ್ತಿನವರೆಗೆ
ಹನ್ನೊಂದು ಮನೆ, ಎರಡು ಶಾಲೆ,
ನಮ್ಮ ಮಸೀದಿಯ ಆಫೀಸು.
ಮೊದಲ ನಂಬರು ಒತ್ತಿದೆ.
ರಿಂಗಾಗುತ್ತಿದೆ.